ಯಜಮಾನರು ಯಾವ ಫೈಲಿನಲ್ಲಿದ್ದಾರೆ?

ಹೋದ ಮಂಗಳವಾರ ಅಂಗಡಿ ಬಾಗಿಲು ತೆಗೆದು ಕೂತಿದ್ದೆನಷ್ಟೇ. ಒಬ್ಬ ಹೆಂಗಸು ಬಂದು, "ಹ್ವಾಯ್, ನಮ್ಮ ಯಜಮಾನ್ರ್ ನಿಮ್ ಹತ್ರ ಇದ್ರಾ?" ಎಂದು ಕೇಳಿದರು. ಇಲ್ಲಿ ಯಾರೂ ಬಂದಿಲ್ಲವಲ್ಲ ಎಂದೆ. (ಅದು ನಿಜ ಕೂಡ. ನನ್ನ ಅಂಗಡಿಗೆ ಈಗ ಯಾರೂ ಬರುವುದಿಲ್ಲ.)

ಆಮೇಲೆ ತಿಳಿಯಿತು. ಯಜಮಾನರು ತೀರಿಕೊಂಡು ಹದಿನಾಲ್ಕು ವರ್ಷವಾಗಿದೆ. ಅವರ ಉತ್ತರಕ್ರಿಯೆಯ ಕಾರ್ಡು ಮಾಡಿದ್ದು ನಾನೇ ಅಂತೆ. ಬೈಂದೂರಿನಿಂದ ಬಸ್ಸು ಹತ್ತಿ ಬಂದಿದ್ದ ಈ ಗಿರಿಜಕ್ಕನಿಗೆ ಬೇಕಾಗಿದ್ದದ್ದು ಆ ಕಾರ್ಡಿಗೆ ಹಾಕಿದ್ದ ಫೋಟೋ.

ಹಳೆಯ ಓದುಗರಿಗೆ ಗೊತ್ತಿದೆ, ಕುಂದಾಪುರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ, ಗೃಹಪ್ರವೇಶ, ಯಕ್ಷಗಾನದ ಹ್ಯಾಂಡ್‌ಬಿಲ್, ಸಾವು, ಎಲ್ಲಕ್ಕೂ ಒಂದೇ ಕಂಪ್ಯೂಟರು. ಮೊದಲೆಲ್ಲ ಗಿರಾಕಿಗಳು ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು ಪ್ರೂಫ್ ನೋಡುತ್ತಿದ್ದರು. ದೊಡ್ಡಪ್ಪನ ಹೆಸರು ಮೇಲೆ ಬರಬೇಕೋ ಸೋದರಮಾವನದೋ ಎಂದು ನನ್ನೆದುರೇ ಜಗಳ ಆಗುತ್ತಿತ್ತು. ಈಗ ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳು ಬರುತ್ತದೆ. ಕೆಲಸ ಮುಗಿಯಿತು. ಮನೆಗೆ ಹೋದರೆ ಅಲ್ಲೂ ಮಾತಾಡುವವರಿಲ್ಲ. ಬೇರೆಯವರ ಮದುವೆ ಕಾರ್ಡು ಮಾಡುತ್ತಾ ನನಗೆ ಮದುವೆಯಾಗಲು ಪುರುಸೊತ್ತಾಗಲಿಲ್ಲ ಎಂದು ತಮಾಷೆ ಮಾಡುತ್ತೇನೆ. ತಮಾಷೆ ಕೇಳುವುದಕ್ಕಾದರೂ ಯಾರಾದರೂ ಬೇಕಲ್ಲ?

ಗಿರಿಜಕ್ಕನ ಹತ್ತಿರ ಯಜಮಾನರದ್ದು ಅಂತ ಇದ್ದದ್ದು ಒಂದೇ ಫೋಟೋ, ಗೋಡೆಯ ಮೇಲೆ. ಹೊಸ ಫ್ರೇಮು ಹಾಕಿಸೋಣವೆಂದು ಬಿಚ್ಚಿದ್ದಾರೆ. ಮಳೆಗಾಲದ ಥಂಡಿಗೆ ಗಾಜಿಗೆ ಅಂಟಿಕೊಂಡಿತ್ತು. ಎಳೆದಾಗ ಮುಖವೇ ಕಿತ್ತುಹೋಯಿತು. ಸಾವಿನ ಕಾರ್ಡನ್ನಂತೂ ಯಾರೂ ಮನೆಯಲ್ಲಿ ಉಳಿಸಿಕೊಳ್ಳುವುದಿಲ್ಲ. ಮುಂದಿನ ಮಾತನ್ನು ಅವರು ನನ್ನ ಕಡೆ ನೋಡದೆ ಹೇಳಿದರು.

"ಈಗೀಗ ಮುಖ ಸಮ ನೆಂಪಾತಿಲ್ಲೆ."

ಆಗ ಫೋಟೋ ತಂದುಕೊಟ್ಟವರು ಯಾರು ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಅವರು ಸೂತಕದಲ್ಲಿ ಒಳಗಿದ್ದವರು, ಹೇಗೆ ಗೊತ್ತಿರುತ್ತದೆ?

ಹಾಗಾದರೆ ಸಿಗುವುದು ಕಷ್ಟ ಎಂದೆ. ಯಾಕೆ ಹೇಳಿ? ನಮ್ಮ ಕಡೆ ಸಾವಿನ ಮನೆಯವರು ಕಾರ್ಡು ಮಾಡಿಸಲು ತಾವೇ ಬರುವುದಿಲ್ಲ. ನೆರೆಮನೆಯವನೋ ದೂರದ ಭಾವನೋ ಫೋಟೋ ಹಿಡಿದುಕೊಂಡು ಬರುತ್ತಾನೆ. ನಾನು ಮಹಾ ಬುದ್ಧಿವಂತ, ಬಂದವನ ಹೆಸರಿನಲ್ಲೇ ಫೈಲು ಸೇವ್ ಮಾಡುತ್ತಾ ಬಂದೆ. 'ಹಾಲಾಡಿ ಸುರೇಶ'. 'ಕೋಟೇಶ್ವರ ಬೈಕಿನವರು'. 'ಛತ್ರಿ ಬಿಟ್ಟುಹೋದವರು'. ಇಷ್ಟು ವರ್ಷಗಳ ಸತ್ತವರೆಲ್ಲ ನನ್ನ ಕಂಪ್ಯೂಟರಿನಲ್ಲಿ ಬದುಕಿರುವವರ ಹೆಸರಿನಲ್ಲಿ ಇದ್ದಾರೆ. ಹಳೆಯ ಕಾರ್ಡುಗಳೋ, ಹಳೆಯ ಸಾಫ್ಟ್‌ವೇರಿನ ಜೊತೆಗೇ ಹೋದವು. ಫೋಟೋಗಳು ಮಾತ್ರ ಉಳಿದಿವೆ.

ಈಗ ನಾನು ಬಳಸುವುದು ಓಪನ್ ಸೋರ್ಸ್ ಸಾಫ್ಟ್‌ವೇರು. ಯಾರ್ಯಾರೋ ತಮ್ಮ ಬಿಡುವಿನಲ್ಲಿ ಬರೆದು ಊರಿಗೆಲ್ಲ ಹಂಚಿದ್ದು. ಅದರಲ್ಲಿ ನನಗೊಂದು ತೊಂದರೆ ಇತ್ತು. ಪುಟಕ್ಕೆ ಫೋಟೋ ಹಾಕಲು ಹೋದರೆ ಬರೀ ಫೈಲಿನ ಹೆಸರು ಕಾಣುತ್ತಿತ್ತು. ಅವರ ಫೋರಂನಲ್ಲಿ ಹರಕುಮುರುಕು ಇಂಗ್ಲಿಷಿನಲ್ಲಿ ಗೋಳು ತೋಡಿಕೊಂಡೆ. ಯಾವ ದೇಶದ ಪುಣ್ಯಾತ್ಮನೋ, ಇಮೇಜ್ ಬ್ರೌಸರ್ ಒಂದನ್ನು ಸೇರಿಸಿಯೇ ಬಿಟ್ಟ. ಈಗ ಫೋಲ್ಡರಿನಲ್ಲಿರುವ ಫೋಟೋಗಳೆಲ್ಲ ಪುಟದ ಪಕ್ಕದಲ್ಲೇ ಚಿಕ್ಕಚಿಕ್ಕದಾಗಿ ಸಾಲುಗಟ್ಟಿ ಕಾಣುತ್ತವೆ. ಬೇಕಾದ್ದನ್ನು ಎಳೆದು ಹಾಕಿದರಾಯಿತು. ಸೇರಿಸುವ ಮೊದಲು, ನೀವು ಫೋಟೋ ಹುಡುಕುವುದು ಹೇಗೆ ಎಂದು ಅವನು ನನ್ನನ್ನು ಕೇಳಿದ್ದ. (ಆ ತಿಂಗಳಲ್ಲಿ ನನ್ನನ್ನು ಏನಾದರೂ ಕೇಳಿದ ಮನುಷ್ಯ ಅವನೊಬ್ಬನೇ. ಎರಡು ಪುಟ ಉತ್ತರ ಬರೆದೆ.)

ಸ್ಟೂಲಿನ ಮೇಲಿದ್ದ ಪೇಪರು ಕಟ್ಟು ಇಳಿಸಿ ಗಿರಿಜಕ್ಕನನ್ನು ಕೂರಿಸಿದೆ. ಬ್ರೌಸರು ತೆರೆದೆ. ಮುಖಗಳು ಸಾಲುಸಾಲಾಗಿ ಮೇಲೆ ಹೋದವು. ಅವರಿಗೆ ಅವಸರವಿರಲಿಲ್ಲ. ಯಾರದೋ ಅಜ್ಜಿಯನ್ನು ಕಂಡು ಇವರು ನಮಗೆ ಗುರ್ತ ಎಂದರು. ಇನ್ನೊಬ್ಬರನ್ನು ಕಂಡು ಇವರೂ ಹೋದರಾ ಎಂದು ಕೇಳಿದರು. ಚಾ ತರಿಸಿದೆ. ಮಧ್ಯಾಹ್ನವಾಯಿತು. ಬೇಗ ಸಿಗದಿದ್ದರೇ ಒಳ್ಳೆಯದು, ಇನ್ನೂ ಸ್ವಲ್ಪ ಹೊತ್ತು ಕೂರಲಿ ಎಂದು ನನಗೆ ಅನಿಸಿತು. ನಾಚಿಕೆಯಾಗಬೇಕು ನನಗೆ.

ಅಷ್ಟರಲ್ಲಿ ನಿಲ್ಲಿಸಿ ಎಂದರು. ಯಜಮಾನರು 'ಛತ್ರಿ ಬಿಟ್ಟುಹೋದವರು' ಫೈಲಿನಲ್ಲಿದ್ದರು.

ಆ ಹೆಸರಿನಲ್ಲಿ ಒಂದಲ್ಲ, ಎರಡು ಫೋಟೋ. ಮೊದಲನೆಯದು ಕಾರ್ಡಿಗೆ ಹಾಕಿದ್ದು, ಹೆಗಲವರೆಗಿನ ಮುಖ. ಎರಡನೆಯದು ಕತ್ತರಿಸುವ ಮೊದಲು ನಾನು ಸ್ಕ್ಯಾನ್ ಮಾಡಿ ಇಟ್ಟಿದ್ದು. ಯಾರದೋ ಮದುವೆ ಮನೆ. ಯಜಮಾನರು ನಗುತ್ತಿದ್ದಾರೆ. ಅವರ ತೋಳಿಗೆ ತಾಗಿಕೊಂಡು, ತಲೆತುಂಬ ಹೂವು ಮುಡಿದ ಗಿರಿಜಕ್ಕ. ಅವರನ್ನು ಕತ್ತರಿಸಿ ತೆಗೆದವನು ನಾನೇ.

ಬಹಳ ಹೊತ್ತು ನೋಡಿದರು. ಕಣ್ಣು ಒರೆಸಿಕೊಂಡರು.

"ನಾನೂ ಇದ್ದೆ ಕಾಣಿ ಇದ್ರಗೆ," ಎಂದರು. ಆಮೇಲೆ ಮೆಲ್ಲಗೆ, "ಈ ಸಲ ನನ್ನ ತೆಗಿಬೇಡಿ. ಇಬ್ರೂ ಇರ್ಲಿ."

ಬದುಕಿರುವವರನ್ನು ತೀರಿಕೊಂಡವರ ಜೊತೆ ಗೋಡೆಗೆ ಹಾಕುತ್ತಾರಾ ಎಂದು ಕೇಳಲು ಹೊರಟವನು, ಅದನ್ನು ಬಿಟ್ಟು ಪ್ರಿಂಟರಿಗೆ ಪೇಪರು ಹಾಕಿದೆ. ಇಬ್ಬರನ್ನೂ ಸೇರಿಸಿ ದೊಡ್ಡದಾಗಿ ಪ್ರಿಂಟ್ ತೆಗೆದುಕೊಟ್ಟೆ. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದರು. ಹೊರಡುವಾಗ, ಬತ್ತೆ ಎಂದರು. ಎಲ್ಲರೂ ಹಾಗೇ ಹೇಳುತ್ತಾರೆ. ಯಾಕೆ ಬರುತ್ತಾರೆ? ಕೆಲಸ ಆಯಿತಲ್ಲ.

ಅಂಗಡಿ ಮತ್ತೆ ಮೊದಲಿನ ಹಾಗಾಯಿತು. ಊಟಕ್ಕೆ ಏಳಲು ಮನಸ್ಸಾಗಲಿಲ್ಲ. ಸುಮ್ಮನೆ ಬ್ರೌಸರಿನಲ್ಲಿ ನನ್ನನ್ನೇ ಹುಡುಕುತ್ತಾ ಹೋದೆ. ಅಷ್ಟೊಂದು ಮುಖಗಳ ನಡುವೆ ನನ್ನದೂ ಒಂದಿತ್ತು. ಬ್ಯಾಂಕಿಗೆಂದು ತೆಗೆಸಿದ ಪಾಸ್‌ಪೋರ್ಟ್ ಸೈಜು. ಹಿಂದೆ ನೀಲಿ ಪರದೆ.

ನಾಳೆ ನನ್ನ ಕಾರ್ಡು ಮಾಡುವವನಿಗೆ ಕೆಲಸ ಸುಲಭ: ಕತ್ತರಿಸಿ ತೆಗೆಯಲು ಪಕ್ಕದಲ್ಲಿ ಯಾರೂ ಇಲ್ಲ.