ಕೊಡೆಯೊಳಗಿದ್ದದ್ದು ಕಪ್ಪೆಯಲ್ಲ

“ಅಮ್ಮಾ, ಕಪ್ಪೆ ಕಚ್ತು” ಅಂತ ಮಗಳು ಬೆರಳು ಮುಂದೆ ಹಿಡಿದಳು. ಶಾಲೆಗೆ ಹೊರಟವಳು ಜಗಲಿಯಲ್ಲಿ ನೇತುಹಾಕಿದ್ದ ಕೊಡೆಯ ಮಡಿಕೆಯೊಳಗೆ ಕೈ ಹಾಕಿದ್ದಳು. ಬೆರಳ ತುದಿಯಲ್ಲಿ ಸಾಸಿವೆಯಷ್ಟು ರಕ್ತವಿತ್ತು. ಬುಕ್ಕಾಂಬುಧಿಯ ನಮ್ಮ ಮನೆಯ ಬಚ್ಚಲಲ್ಲಿ ಮಳೆಗಾಲವಿಡೀ ಕಪ್ಪೆಗಳಿರುತ್ತವೆ. ಅವನ್ನು ಅವಳೇ ಬೊಗಸೆಯಲ್ಲಿ ಹಿಡಿದು ಹೊರಗೆ ಬಿಡುತ್ತಾಳೆ. ಯಾವತ್ತೂ ಕಚ್ಚಿರಲಿಲ್ಲ.

“ತಣ್ಣಗಿತ್ತಾ ಪುಟ್ಟಿ?” ಅಂದೆ.

“ಇಲ್ಲ, ಬೆಚ್ಚಗಿತ್ತು. ಮೆತ್ತಗೆ ಕೂದ್ಲಿತ್ತು ಕಣಮ್ಮ.”

ಕಪ್ಪೆಗೆ ಕೂದಲೆಲ್ಲಿಂದ ಬರಬೇಕು? ಕೋಲಿನಿಂದ ಕೊಡೆಯನ್ನು ಅಲುಗಿಸಿದಾಗ ಹೆಬ್ಬೆರಳಿನಷ್ಟು ಬಾವಲಿಯೊಂದು ಹೊರಬಂದು ತೆಂಗಿನ ಮರದತ್ತ ಹಾರಿಹೋಯಿತು. ಸೋಪು ಹಚ್ಚಿ, ನಲ್ಲಿ ಬಿಟ್ಟು ಬೆರಳನ್ನು ಬಹಳ ಹೊತ್ತು ತೊಳೆದೆ. ಆಮೇಲೆ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅಜ್ಜಂಪುರದ ಆಸ್ಪತ್ರೆಗೆ ಹೊರಟೆ. ಅದೇ ಪಾಪ ಹೆದರಿಕೊಂಡಿತ್ತೇನೋ ಎಂದು ಅವಳು ದಾರಿಯುದ್ದಕ್ಕೂ ಹೇಳುತ್ತಿದ್ದಳು.

“ಚಿಕ್ಕ ಗಾಯ ಅಂತ ಬಿಡೋ ಹಾಗಿಲ್ಲ. ಬಾವಲಿ ಕಚ್ಚಿದ್ರೂ ಹುಚ್ಚುನಾಯಿ ರೋಗದ ಭಯ ಇದೆ” ಎಂದ ಡಾಕ್ಟರು ಗಾಯದ ಸುತ್ತಲೂ, ತೋಳಿಗೂ ಚುಚ್ಚಿದರು. ಅವಳು ಅತ್ತಳು, ನಾನು ತಡೆದುಕೊಂಡೆ.

ಈಗ ಚುಚ್ಚುಮದ್ದುಗಳೆಲ್ಲ ಮುಗಿದಿವೆ, ಮಗಳು ಚೆನ್ನಾಗಿದ್ದಾಳೆ. ಆದರೆ ಆ ರೋಗ ಬಂದವರು ನೀರು ಕಂಡರೆ ಹೆದರುತ್ತಾರಂತೆ. ಅದಕ್ಕೇ ಇವತ್ತಿಗೂ ಅವಳು ನೀರಿನ ಲೋಟ ಎತ್ತಿದರೆ, ಕುಡಿದು ಕೆಳಗಿಡುವವರೆಗೂ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತಾ ನಿಲ್ಲುತ್ತೇನೆ.