ಷಡ್ಡಕನ ಕಾರಿಗೆ ನಾನು ಹಚ್ಚಿದ ರೋಗ

"ಅಣ್ಣಾರ, ನನಗೊಂದು ಚಲೋ ಓಡೂ ಕಾರ್ ಬೇಕ್ರಿ."

ಒಂದು ತಿಂಗಳ ಹಿಂದಿನ ಮಾತು. ಬೆಳಿಗ್ಗೆ ಸಿಂದಗಿಯ ನನ್ನ ಗ್ಯಾರೇಜಿನ ಶಟರ್ ಎತ್ತುತ್ತಿದ್ದಾಗ ಫೋನು ಬಂತು. ಆ ಕಡೆ ಮಾಸ್ತರ. ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ. ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ.

"ಓಡಲಾರದ ಕಾರ್ ಎಲ್ಲಿರತೈತ್ರಿ ಮಾಸ್ತರ? ನನ್ನ ಗ್ಯಾರೇಜಿನ ಟ್ರ್ಯಾಕ್ಟರ್ ಸುದ್ದಾ ಓಡತಾವ," ಅಂದೆ.

"ಹಂಗಲ್ರಿ. ಓಡಿಸಿದ್ರ ಮೈ ಝುಂ ಅನ್ನಬೇಕು. ಆದ್ರ ನಡುದಾರ್ಯಾಗ ಕೈ ಕೊಡಬಾರದು. ಬಜೆಟ್ ಭಾಳ ಇಲ್ಲ, ಸೆಕೆಂಡ್ ಹ್ಯಾಂಡ್ ನಡಿತೈತಿ. ಇಂಡಿಯೊಳಗ ಹಲ್ಲಿನ ಡಾಕ್ಟರ್ ಒಬ್ಬರದು ಐತಂತ. ನೀವು ಬಂದು ಒಮ್ಮೆ ಕಿವಿ ಕೊಟ್ಟು ಕೇಳಿದ್ರ ಸಾಕು."

ಯಾವ ಕಾರು ಅಂತ ಕೇಳಿದೆ. ಹೇಳಿದರು.

ಎತ್ತುತ್ತಿದ್ದ ಶಟರನ್ನು ಅರ್ಧಕ್ಕೇ ಬಿಟ್ಟೆ. (ಕಾರಿನ ಹೆಸರು ಇಲ್ಲಿ ಬರೆಯುವುದಿಲ್ಲ. ಕಂಪನಿಯವರೇನು ನನಗೆ ಚಹಾ ಕುಡಿಸಿಲ್ಲ.) ಸಣ್ಣ ಕಾರು, ಟರ್ಬೊ ಪೆಟ್ರೋಲ್ ಎಂಜಿನ್, ಕೈಯಿಂದಲೇ ಹಾಕುವ ಗೇರು. ಎರಡು ವರ್ಷದಿಂದ ಊಟದ ಬಿಡುವಿನಲ್ಲಿ ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ಒರಗಿ ಕುಳಿತು, ಮೊಬೈಲಿನಲ್ಲಿ ನಾನು ನೋಡುತ್ತಿದ್ದದ್ದು ಅದೇ ಕಾರು. ಯಾರಿಗೂ ಹೇಳಿರಲಿಲ್ಲ. ಹೆಂಡತಿಗೂ.

ಯಾಕೆ ಹೇಳಲಿಲ್ಲ? ನಮ್ಮ ಕಡೆ ಗಾಡಿ ಅಂದರೆ ಅದಕ್ಕೊಂದು ಕೆಲಸ ಇರಬೇಕು. ಇಂಡಿಯವರು ಲಿಂಬೆಹಣ್ಣಿನ ಚೀಲ ಎಷ್ಟು ಹಿಡಿಸುತ್ತದೆ ಅಂತ ಕೇಳುತ್ತಾರೆ. ಸಿಂದಗಿಯವರು ಎಷ್ಟು ಮಂದಿ ಕೂಡಬಹುದು ಅಂತ ಕೇಳುತ್ತಾರೆ. ಎಲ್ಲರೂ ಕೂಡಿ ಕೇಳುವುದು, ಬಿಳಿ ಬಣ್ಣ ಐತೋ ಇಲ್ಲೋ. ಬರೀ ಖುಷಿಗೆ ಒಂದು ಕಾರು ಬೇಕು ಅಂತ ಟ್ರ್ಯಾಕ್ಟರ್ ರಿಪೇರಿಯವನು ಅಂದರೆ, ಮಂದಿ ಅವನ ಮುಖ ನೋಡುತ್ತಾರೋ, ತಲೆ ನೋಡುತ್ತಾರೋ?

ಆದರೆ ಮಾಸ್ತರ ಅಂದರೆ ಅದು ಹವ್ಯಾಸ!

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಅದಕ್ಕೆ ನಾಚಿಕೆ ಇಲ್ಲ. ಈ ಎರಡು ಕೈಯಿಂದ ಮನೆ ಕಟ್ಟಿದೆ, ಗ್ಯಾರೇಜು ಕಟ್ಟಿದೆ, ತಂಗಿಯರ ಮದುವೆ ಮಾಡಿದೆ. ನನ್ನ ಹತ್ತಿರ ಸರ್ಟಿಫಿಕೇಟು ಇಲ್ಲ. ಇರುವುದು ಕಿವಿ. ಮೋರಟಗಿಯಿಂದ ಬಂದ ರೈತ ಬಾಗಿಲಲ್ಲಿ ಎಂಜಿನ್ ಬಂದ್ ಮಾಡುವುದರೊಳಗೆ, ಯಾವ ಬೇರಿಂಗ್ ಹೋಗಿದೆ ಅಂತ ಹೇಳುತ್ತೇನೆ. ನಾನು ಹೌದು ಅಂದರೆ ಹೌದು, ಅಲ್ಲ ಅಂದರೆ ಅಲ್ಲ. ನನ್ನ ಆಸ್ತಿ ಅಂದರೆ ಆ ಒಂದು ಮಾತು.

ಆದರೆ ಮುದ್ದೇಬಿಹಾಳದ ಮಾವನವರ ಮನೆಯಲ್ಲಿ ಆ ಆಸ್ತಿಗೆ ಬೆಲೆ ಇಲ್ಲ. ಇಬ್ಬರೂ ಅಳಿಯಂದಿರು ಒಂದೇ ಸಾಲಿನಲ್ಲಿ ಊಟಕ್ಕೆ ಕೂಡುತ್ತೇವೆ. ಮಾವನವರು ಮಾಸ್ತರ ಕಡೆ ತಿರುಗಿ, "ದೇಶದ ಪರಿಸ್ಥಿತಿ ಏನಂತೀರಿ?" ಅಂತಾರೆ. ನನ್ನ ಕಡೆ ತಿರುಗಿ, "ಅಳ್ಯಾರ, ಉಂಡ ಮ್ಯಾಲೆ ಮಿಕ್ಸರ್ ಸ್ವಲ್ಪ ನೋಡ್ರಿ, ಸುತ್ತವಲ್ಲದು," ಅಂತಾರೆ. ಅಳಿಯನಾಗಿ ಹೋಗುತ್ತೇನೆ, ಮಿಸ್ತ್ರಿಯಾಗಿ ಕೈ ತೊಳೆಯುತ್ತೇನೆ. ಇಪ್ಪತ್ತು ವರ್ಷದಿಂದ ಹೀಗೇ. (ದೇಶದ ಪರಿಸ್ಥಿತಿ ಬಗ್ಗೆ ನನಗೂ ಅಭಿಪ್ರಾಯ ಇದೆ. ಯಾರೂ ಕೇಳಿಲ್ಲ.)

ಇಷ್ಟು ಹೊಟ್ಟೆಕಿಚ್ಚು ಇಟ್ಟುಕೊಂಡು ಆ ಭಾನುವಾರ ಇಂಡಿಗೆ ಹೋದೆ.

ಡಾಕ್ಟರ ಮನೆಯ ಮುಂದೆ, ಅವರ ತೋಟದ ಟ್ರ್ಯಾಕ್ಟರಿನ ಪಕ್ಕದಲ್ಲಿ ಕಾರು ನಿಂತಿತ್ತು. ಉಕ್ಕಿನ ಬಣ್ಣ. ವಿಡಿಯೊದಲ್ಲಿ ನೋಡಿದ್ದಕ್ಕಿಂತ ಗಿಡ್ಡ, ಅಗಲ. ಓಡಲು ಬಗ್ಗಿ ನಿಂತ ಹುರಿಯಾಳಿನ ಹಾಗೆ.

ಮೊದಲು ಬಾನೆಟ್ಟಿನ ಮೇಲೆ ಕೈ ಇಟ್ಟೆ. ತಣ್ಣಗಿತ್ತು. (ಇದನ್ನು ನೀವೂ ಕಲಿಯಿರಿ. ನೀವು ಬರುವ ಮೊದಲೇ ಮಾಲೀಕ ಎಂಜಿನ್ ಬಿಸಿ ಮಾಡಿ ಇಟ್ಟಿದ್ದರೆ, ಏನನ್ನೋ ಮುಚ್ಚುತ್ತಿದ್ದಾನೆ ಅಂತ ತಿಳಿಯಿರಿ.) ಆಯಿಲ್ ಮುಚ್ಚಳ ತೆಗೆದು ನೋಡಿದೆ, ಒಳಗೆ ಚೊಕ್ಕ. ನಾಲ್ಕೂ ಟಯರು ಒಂದೇ ಸಮ ಸವೆದಿದ್ದವು, ಅಂದರೆ ಎಲ್ಲಿಯೂ ಬಡಿದಿಲ್ಲ. ಸರ್ವಿಸ್ ಪುಸ್ತಕದ ಒಂದು ಹಾಳೆಯೂ ಖಾಲಿ ಬಿಟ್ಟಿಲ್ಲ. ಹುಡುಗರು ಮಾಡುವ ಹಾಗೆ ಸೈಲೆನ್ಸರ್ ಬದಲಿಸಿಲ್ಲ, ಕಂಪ್ಯೂಟರ್ ಹಚ್ಚಿ ಎಂಜಿನ್ನಿಗೆ ಇಲ್ಲದ ಜೋರು ತುಂಬಿಲ್ಲ. ಖುಷಿ ಕೊಡುವ ಹಳೆ ಕಾರು ಬೇಕಾದವರು ಮೊದಲು ಇದನ್ನೇ ನೋಡಬೇಕು. ಕಂಪನಿ ಕೊಟ್ಟಷ್ಟೇ ಜೋರಿನಲ್ಲಿ ಇರುವ ಕಾರು ಬಾಳುತ್ತದೆ. ಜೋರು ಹೆಚ್ಚಿಸಿದ ಕಾರು ಮೊದಲ ಮಾಲೀಕನಿಗೆ ಖುಷಿ ಕೊಟ್ಟು, ಎರಡನೆಯವನಿಗೆ ಅಳು ಕೊಡುತ್ತದೆ.

ಹಲಸಂಗಿ ಕಡೆಯ ರಸ್ತೆಗೆ ತಿರುಗಿಸಿದೆ. ಮಾಸ್ತರ ಪಕ್ಕದಲ್ಲಿ ಬೆಲ್ಟು ಹಾಕಿಕೊಂಡು, ಪರೀಕ್ಷೆಗೆ ಕೂತ ಹುಡುಗನ ಹಾಗೆ ಕೂತಿದ್ದರು. ರಸ್ತೆ ಖಾಲಿ. ಮೂರನೆಯ ಗೇರಿನಲ್ಲಿ ಕಾಲು ಒತ್ತಿದೆ.

ಟರ್ಬೊ ಸಿಳ್ಳೆ ಹಾಕಿತು. ಬೆನ್ನು ಸೀಟಿಗೆ ಅಂಟಿತು. ಎರಡೂ ಬದಿಯ ಲಿಂಬೆ ತೋಟಗಳು ಸರ್ರನೆ ಹಿಂದೆ ಹೋದವು. ಸ್ಟೇರಿಂಗು ನಾನು ಅಂದುಕೊಳ್ಳುವ ಮೊದಲೇ ತಿರುಗುತ್ತಿತ್ತು. ನಲವತ್ತೆಂಟು ವರ್ಷದ ನನ್ನ ಬಾಯಿಂದ "ಹೋಯ್!" ಅಂತ ಬಂದೇಬಿಟ್ಟಿತು.

"ಹ್ಯಾಂಗೈತ್ರಿ ಅಣ್ಣಾರ?"

ಹೇಗಿದೆ? ಆ ಕ್ಷಣದಲ್ಲಿ ನನಗೆ ಕಂಡದ್ದು ರಸ್ತೆಯಲ್ಲ. ಮುದ್ದೇಬಿಹಾಳದ ಮಾವನವರ ಮನೆ ಕಂಡಿತು. ಅಂಗಳದಲ್ಲಿ ಈ ಕಾರು, ಸುತ್ತ ಓಣಿಯ ಮಂದಿ, ಮಾವನವರ ಕೈ ಬಾನೆಟ್ಟಿನ ಮೇಲೆ. ಹಿಂದಿನಿಂದ ನಾನು ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು, ಧೂಳು ಮೆತ್ತಿಕೊಂಡು ಬರುತ್ತಿದ್ದೇನೆ. ಒಳಗೆ ಮಿಕ್ಸರ್ ಕಾಯುತ್ತಿದೆ.

"ಬ್ಯಾಡ್ರಿ ಮಾಸ್ತರ," ಅಂದೆ. "ಎಂಜಿನ್ ಒಳಗಿನ ಚೈನ್ ಸಡ್ಲಾಗೇತಿ. ಸಣ್ಣಗ ಕಟಕಟ ಅನ್ನಾಕತ್ತೈತಿ, ಕೇಳಸೂದಿಲ್ಲೇನ್ರಿ?"

ಮಾಸ್ತರ ಕಣ್ಣು ಮುಚ್ಚಿ ಕೇಳಿದರು. ಅಲ್ಲಿ ಕೇಳಲು ಏನೂ ಇರಲಿಲ್ಲ. ಆ ಎಂಜಿನ್ ಹೊಲಿಗೆ ಯಂತ್ರದ ಹಾಗೆ ನುಣ್ಣಗೆ ಓಡುತ್ತಿತ್ತು.

"ಹೌದ್ರಿ," ಅಂದರು. "ಈಗ ನೀವು ಹೇಳಿದ ಮ್ಯಾಲೆ ಕೇಳಸಾಕತ್ತೈತಿ ನೋಡ್ರಿ!"

ಒಂದು ಮಾತು ತಿರುಗಿ ಕೇಳಲಿಲ್ಲ ಆ ಮನುಷ್ಯ. ಕೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ವಾಪಸು ಬಂದು ಡಾಕ್ಟರಿಗೂ ನೇರವಾಗಿ ಹೇಳಿಬಿಟ್ಟರು. "ಚೈನ್ ಹೋಗೇತಂತ್ರಿ. ನಮ್ಮ ಅಣ್ಣಾರು ಹೇಳಿದ್ರಂದ್ರ ಮುಗೀತು."

ನಾನು ಚಪ್ಪಲಿ ನೋಡುತ್ತ ನಿಂತೆ.

ನನ್ನ ಲೆಕ್ಕ ಬೇರೆ ಇತ್ತು. ನಾಲ್ಕು ದಿನ ಬಿಟ್ಟು ಡಾಕ್ಟರಿಗೆ ಫೋನು ಹಚ್ಚಿದೆ. ಚೈನು ಹೋದರೂ ಇರಲಿ, ನಾನೇ ರಿಪೇರಿ ಮಾಡಿಕೊಳ್ಳುತ್ತೇನೆ, ಕಾರು ನನಗೆ ಕೊಡಿ ಅನ್ನುವುದು ನನ್ನ ಹೂಟ. ಬಾಯಿ ತೆಗೆಯುವ ಮೊದಲೇ ಅವರು ಶುರು ಮಾಡಿದರು.

"ಮಿಸ್ತ್ರಿಯವರ, ನಿಮ್ಮ ಕಿವಿಗೆ ಶರಣ್ರಿ! ಗಾಡಿ ವಿಜಯಪುರಕ್ಕ ಕಳಿಸಿ ಎಂಜಿನ್ ಬಿಚ್ಚಿಸಿದೆ. ನೀವು ಹೇಳಿದ್ದ ಖರೆ ಆತು. ಚೈನ್ ಸವದಿತ್ತಂತ! ನಾ ಎಕ್ಸ್‌ರೇ ತೆಗದು ಹಲ್ಲಿನ ರೋಗ ಹೇಳತೇನಿ, ನೀವು ಎಕ್ಸ್‌ರೇ ಇಲ್ದ ಹೇಳಿದ್ರಲ್ರಿ!"

ಸವೆದಿತ್ತೇ?

ಆಗಿದ್ದು ಏನು ಅಂತ ನನಗೆ ಗೊತ್ತು. ಹೆಸರಿರುವ ಮಿಸ್ತ್ರಿಯೊಬ್ಬ ಚೈನು ಹೋಗಿದೆ ಅಂದಿದ್ದಾನೆ ಅಂತ ಹೇಳಿ ಗಾಡಿ ತಂದು ನಿಲ್ಲಿಸಿದರೆ, ಇನ್ನೊಬ್ಬ ಮಿಸ್ತ್ರಿ ಏನು ಮಾಡುತ್ತಾನೆ? ಬಿಚ್ಚುತ್ತಾನೆ, ನೋಡುತ್ತಾನೆ, ಸ್ವಲ್ಪ ಸವೆದಿದೆ ಅನ್ನುತ್ತಾನೆ. ಯಾವ ಚೈನು ಸ್ವಲ್ಪ ಸವೆದಿರುವುದಿಲ್ಲ? ನಾನಾದರೂ ಅದನ್ನೇ ಮಾಡುತ್ತಿದ್ದೆ. ನೆಟ್ಟಗಿದ್ದ ಎಂಜಿನ್ನಿನ ಹೊಟ್ಟೆ ಕೊಯ್ದದ್ದು ಆ ಮಿಸ್ತ್ರಿಯ ನಟ್ಟು ಬಿಚ್ಚುವ ಪಾನಾ ಅಲ್ಲ. ನನ್ನ ನಾಲಿಗೆ.

"ಮಾಸ್ತರಿಗೆ ಹೇಳೇನ್ರಿ," ಅಂದರು ಡಾಕ್ಟರು. "ಗಾಡಿ ತಯಾರಾಗಿ ಬರ್ಲಿ, ಮೊದಲ ಮಾತು ಅವರ್ದ."

ಮುಂದಿನ ಭಾನುವಾರ ಮುದ್ದೇಬಿಹಾಳದಲ್ಲಿ ಊಟ. ನಾನು ಬೈಕು ನಿಲ್ಲಿಸುವುದರೊಳಗೆ ಮಾವನವರು ಹೊರಗೆ ಬಂದರು. ಸುದ್ದಿ ಮೊದಲೇ ಮುಟ್ಟಿತ್ತು. ಮಾಸ್ತರ ಹೇಳಿದ್ದರು, ಗಣಿತದ ಮಾಸ್ತರ ಹೇಳುವ ಹಾಗೆ, ಒಂದೊಂದೇ ಮೆಟ್ಟಿಲು ಬಿಡಿಸಿ.

"ಬರ್ರಿ ಅಳ್ಯಾರ, ಬರ್ರಿ! ಇಲ್ಲಿ ಕೂಡ್ರಿ, ನನ್ನ ಬಾಜೂಕ." ಪಕ್ಕದ ಮನೆಯ ಹಿರಿಯರೊಬ್ಬರನ್ನು ಕರೆದು ಹೇಳಿದರು, "ನಮ್ಮ ದೊಡ್ಡ ಅಳಿಯಂದಿರು ಇವರ. ಎಂಜಿನ್ ಬಿಚ್ಚೂದ ಬ್ಯಾಡ, ಬರೇ ಕಿವಿ!" ಆಮೇಲೆ ನನ್ನ ಕಡೆ ತಿರುಗಿ, "ದೇಶದ ಪರಿಸ್ಥಿತಿ ಏನಂತೀರಿ?" ಅಂದರು.

ಇಪ್ಪತ್ತು ವರ್ಷ ಕಾದ ಪ್ರಶ್ನೆ. "ಮಳಿ ಆದ್ರ ಎಲ್ಲಾ ಚಲೋ ಆಗತೈತ್ರಿ," ಅಂದೆ. ಮಿಕ್ಸರಿನ ಸುದ್ದಿಯನ್ನು ಯಾರೂ ತೆಗೆಯಲಿಲ್ಲ. ತೆಗೆದಿದ್ದರೆ ಎದ್ದು ಹೋಗಲು ಒಂದು ನೆಪವಾದರೂ ಸಿಗುತ್ತಿತ್ತು.

ಅಷ್ಟರಲ್ಲಿ ಮಾಸ್ತರ ರೊಟ್ಟಿ ಮುರಿಯುತ್ತ ಕೇಳಿದರು, "ಅಣ್ಣಾರ, ಆ ಗಾಡಿ ತಯಾರಾಗೇತ್ರಿ. ಡಾಕ್ಟರು ಮೊದಲ ಹೇಳಿದ್ದಕ್ಕಿಂತ ಕಡಿಮಿಗೆ ಕೊಡತಾರಂತ. ತೊಗೊಳ್ಳಲೇನ್ರಿ? ನೀವು ಬ್ಯಾಡ ಅಂದ್ರ ಬಿಟ್ಟಬಿಡತೇನಿ."

ನೋಡಿ, ಇನ್ನೊಂದು ಅವಕಾಶ. ಬಿಚ್ಚಿದ ಎಂಜಿನ್ ತೊಗೋಬಾರದ್ರಿ ಅಂದರೆ ಸಾಕಿತ್ತು. ನಂಬುತ್ತಿದ್ದರು. ಕಾರು ನನ್ನ ಗ್ಯಾರೇಜಿನ ಮುಂದೆ ಬಂದು ನಿಲ್ಲುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಆದರೆ ಮಾಸ್ತರ ನನ್ನ ಮುಖವನ್ನು ನೋಡುತ್ತಿದ್ದ ರೀತಿ ಇತ್ತಲ್ಲ! ಎಂಜಿನ್ ಬಿಟ್ಟು ನನ್ನ ಬಾಯಿಯನ್ನೇ ಕೇಳುತ್ತಿದ್ದರು. ನನ್ನ ಒಂದೇ ಆಸ್ತಿಯನ್ನು ಎರಡನೆಯ ಸಲ ಮಾರಲು ಕೂತಿದ್ದೇನಲ್ಲ ಅನ್ನಿಸಿತು.

"ಮಾಸ್ತರ, ಆ ಗಾಡಿಗೆ ಏನೂ ಆಗಿರಲಿಲ್ರಿ," ಅಂದೆ. "ನಾ ಸುಳ್ಳ ಹೇಳಿದ್ದೆ. ಅದು ನನಗ ಬೇಕಾಗಿತ್ತು."

ಮೊದಲು ನಕ್ಕವರು ಮಾವನವರು. "ನೋಡ್ರಿ, ನೋಡ್ರಿ! ಹೊಗಳಿದ್ರ ಹ್ಯಾಂಗ ನಾಚ್ಕೊಂತಾರ ಮನುಷ್ಯಾ!"

"ಹಂಗಲ್ರಿ ಮಾವಾರ, ಖರೇನ..."

"ಸಾಕ್ ಬಿಡ್ರಿ ಅಣ್ಣಾರ," ಅಂದರು ಮಾಸ್ತರ. "ಮಿಸ್ತ್ರಿ ಹಳೇ ಚೈನ್ ಡಾಕ್ಟರಿಗೆ ಕೈಯಾಗ ಕೊಟ್ಟು ತೋರಿಸ್ಯಾನ. ನಾನೂ ಕಟಕಟ ಕೇಳೇನಿ. ನನ್ನ ಕಿವೀನೂ ಸುಳ್ಳೇನ್ರಿ?"

ಗಣಿತದ ಮಾಸ್ತರಿಗೆ ಏಳನೆಯ ಇಯತ್ತೆಯವನು ಏನು ಸಾಧಿಸಿ ತೋರಿಸಲಿ? ಸುಳ್ಳು ಹೇಳಿದಾಗ ಒಂದು ಕ್ಷಣದಲ್ಲಿ ನಂಬಿದ ಮಂದಿ, ಖರೆ ಹೇಳಿದರೆ ಶೇಂಗಾ ಹಿಂಡಿ ಬಡಿಸಿ ಸುಮ್ಮನಾಗಿಸಿದರು.

ಕಡೆಗೆ ಉಳಿದದ್ದು ಒಂದೇ ದಾರಿ. "ತೊಗೊಳ್ರಿ," ಅಂದೆ. "ಎಂಜಿನ್ ಬಂಗಾರ ಐತಿ." ಅಷ್ಟು ಹೇಳಿ ತಂಬಿಗೆಗೆ ಕೈ ಚಾಚಿದೆ. ಮಾವನವರೇ ನೀರು ಕೊಟ್ಟರು.

ಮನೆಗೆ ಬರುವಾಗ ಬೈಕಿನ ಹಿಂದೆ ಕೂತ ಹೆಂಡತಿ ಅಂದಳು, "ನಾ ನಂಬತೇನ್ರಿ."

"ಏನ?"

"ನೀವು ಸುಳ್ಳ ಹೇಳಿದ್ದು. ಇಂಡಿಯಿಂದ ಬಂದ ದಿನಾನ ಗೊತ್ತಾಗಿತ್ತು. ಉಣ್ಣಲಾರದ ಹೋಗಿ ಗ್ಯಾರೇಜಿನ ಮುಂದ ಟೇಪ್ ಹಿಡಕೊಂಡು ಜಾಗಾ ಅಳ್ಯಾಕತ್ತಿದ್ರಿ. ಟ್ರ್ಯಾಕ್ಟರಿಗೆ ಯಾರರ ಅಷ್ಟು ಸಣ್ಣ ಜಾಗಾ ಅಳೀತಾರೇನ್ರಿ?"

ನಾನು ಬೈಕಿನ ಗೇರು ಬದಲಿಸಿದೆ. ಬದಲಿಸುವ ಅವಶ್ಯಕತೆ ಇರಲಿಲ್ಲ.

(ಡಾಕ್ಟರು ಇದನ್ನು ಓದಿದರೆ ಅವರಲ್ಲಿ ಒಂದು ವಿನಂತಿ. ನಿಮ್ಮ ತೋಟದ ಟ್ರ್ಯಾಕ್ಟರು ಇನ್ನು ಮೇಲೆ ನನ್ನ ಜವಾಬ್ದಾರಿ. ಕಾರಣ ಕೇಳಬೇಡಿ. ಕೇಳಿದರೂ ನಂಬುವುದಿಲ್ಲ ನೀವು.)

ಮಾಸ್ತರ ಕಾರು ತೆಗೆದುಕೊಂಡು ಈಗ ಹತ್ತು ದಿನ. ಹೊಟ್ಟೆಕಿಚ್ಚು ಹೋಯಿತೇ ಅಂತ ಕೇಳುತ್ತೀರೇನು? ಎಲ್ಲಿ ಹೋಗುತ್ತದೆ! ಮೊನ್ನೆ ಅವರು ಅದರಲ್ಲೇ ಸಿಂದಗಿಗೆ ಬಂದರು. ಅಷ್ಟು ಜೋರಿನ ಕಾರನ್ನು ಬಾಗೇವಾಡಿಯಿಂದ ಇಲ್ಲಿಯ ತನಕ ಗಂಟೆಗೆ ನಲವತ್ತರ ಮೇಲೆ ಓಡಿಸಿಯೇ ಇಲ್ಲವಂತೆ. ಇಳಿದು, ಕರವಸ್ತ್ರದಿಂದ ಕನ್ನಡಿ ಒರೆಸಿ, ನನ್ನನ್ನು ಕೇಳಿದರು, "ಅಣ್ಣಾರ, ಐದನೇ ಗೇರ್ ಹಾಕಿದ್ರ ಎಂಜಿನ್‌ಗೆ ತ್ರಾಸ ಆಗೂದಿಲ್ಲಲ್ರಿ?"

ಐದನೆಯ ಗೇರು! ಆ ಎಂಜಿನ್ ಹುಟ್ಟಿದ್ದೇ ಅದಕ್ಕೆ! ನನ್ನ ಕೈಯಲ್ಲಿ ಪಾನಾ ಇತ್ತು. ಅದನ್ನು ಕೆಳಗಿಟ್ಟೆ.

"ಹಾಕ್ರಿ ಮಾಸ್ತರ," ಅಂದೆ. "ದಯಮಾಡಿ ಹಾಕ್ರಿ."

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೊರಟವರು ಎಂಜಿನ್ ಬಲ್ಲವನೊಬ್ಬನನ್ನು ಜೊತೆಗೆ ಕರೆದುಕೊಂಡೇ ಹೋಗಿ. ಆದರೆ ಅವನ ಮಾತು ನಂಬುವ ಮೊದಲು, ಅವನ ಮನೆಯ ಮುಂದೆ ಯಾವ ಗಾಡಿ ನಿಂತಿದೆ ಅಂತ ಒಮ್ಮೆ ನೋಡಿಕೊಂಡು ಬನ್ನಿ.