ದಿಲ್ಲಿಗೆ ಮೂರೇ ತಾಸು, ಬಿಳಿಚೋಡು ದಾಟಬೇಕಲ್ಲ!

ಜಗಳೂರಿನಲ್ಲಿ ಇನ್ನೂ ಹಾಲಿನ ಡೈರಿ ಬಾಗಿಲು ತೆರೆದಿಲ್ಲ. ಕಾರಿನ ಗಾಜು ಒರೆಸಿ ಮುಗಿಸಿದ ಕೆಂಚೇಶ್, ದೇವರ ಜಗುಲಿಯ ಪಕ್ಕದಲ್ಲಿ ನಿನ್ನೆಯಿಂದ ಕೂತಿರುವ ಕೆಂಪು ಬ್ಯಾಗನ್ನು ಎತ್ತಿಕೊಂಡು ಬರುತ್ತಾರೆ. ಹೆಂಡತಿ ಹೇಮಾವತಿ ಅದಕ್ಕೂ ಕುಂಕುಮ ಹಚ್ಚಿದ್ದಾರೆ. ಬ್ಯಾಗು ಬಿಳಿಚೋಡಿನ ಗಂಗೋತ್ರಿ ಎಂಬ ಹುಡುಗಿಯದು. ಆಕೆ ಇವತ್ತು ಖೋ ಖೋ ಶಿಬಿರಕ್ಕೆಂದು ಬೆಂಗಳೂರಿನಿಂದ ದಿಲ್ಲಿಗೆ ಹಾರಬೇಕು.

ಇವತ್ತು ಮಂಗಳವಾರ. ಮಂಗಳವಾರ ಉತ್ತರ ದಿಕ್ಕಿಗೆ ಹೊರಡಬಾರದೆಂಬುದು ಹಿರಿಯರ ನಂಬಿಕೆ; ವಿಮಾನ ಕಂಪನಿಯವರಿಗೆ ಇದನ್ನು ಯಾರು ತಿಳಿಸಬೇಕು? ಅದಕ್ಕೊಂದು ಹಳೆಯ ಉಪಾಯವಿದೆ, ಪ್ರಸ್ಥಾನ. ಒಳ್ಳೆಯ ದಿನ ನೋಡಿ ಗಂಟುಮೂಟೆಯನ್ನು ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಅಂದೇ ಶುರುವಾದಂತೆ. ಹತ್ತಾರು ವರ್ಷಗಳಿಂದ ವಿಮಾನ ನಿಲ್ದಾಣಕ್ಕೆ ಬಾಡಿಗೆ ಕಾರು ಓಡಿಸುವ ಕೆಂಚೇಶರ ಮನೆಯೇ ಈಗ ಆ ಬೇರೆಯವರ ಮನೆ. ನಲ್ಲೂರು, ಸಾಸ್ವೆಹಳ್ಳಿ, ನ್ಯಾಮತಿ, ಯಾವ ಕಡೆಯವರು ಕರೆದರೂ ಹಿಂದಿನ ದಿನವೇ ಹೋಗಿ ಬ್ಯಾಗು ತರುತ್ತಾರೆ. ಅದಕ್ಕೆ ಬಾಡಿಗೆ ಕೇಳುವುದಿಲ್ಲ.

ಜನ ಎಡವುವುದು ಲೆಕ್ಕದಲ್ಲಿ. ಬೆಂಗಳೂರಿನಿಂದ ದಿಲ್ಲಿಗೆ ಆಕಾಶದಲ್ಲಿ ಸಾವಿರದ ಏಳುನೂರು ಕಿಲೋಮೀಟರ್, ಮೂರು ತಾಸೂ ಬೇಡ. ಬಿಳಿಚೋಡಿನಿಂದ ಆ ವಿಮಾನದ ಬಾಗಿಲಿಗೆ ಇನ್ನೂರೈವತ್ತರ ಆಸುಪಾಸು, ತಪಾಸಣೆಯೂ ಸೇರಿದರೆ ಅರ್ಧ ದಿನ. ಹೋದ ವರ್ಷ ಗಂಗೋತ್ರಿಯ ಮನೆಯವರು ಮೂರೇ ತಾಸೆಂಬ ಮಾತು ನಂಬಿ, ರಾಹುಕಾಲ ಕಳೆಯಲೆಂದು ಹುಡುಗಿಯನ್ನು ಹೊಸ್ತಿಲೊಳಗೇ ಕೂರಿಸಿದ್ದರು. ಬೇರೊಬ್ಬರ ಜೀಪು ನಿಲ್ದಾಣ ಮುಟ್ಟುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ಖೋ ಖೋ ಶಿಬಿರದ ಅವಕಾಶ ಕೈತಪ್ಪಿತು. ಪಾಪ, ಆಮೇಲೆ ತಿಂಗಳುಗಟ್ಟಲೆ ಮೈದಾನದ ಕಡೆ ತಲೆ ಹಾಕಲಿಲ್ಲವಂತೆ. ಈ ಸಲವೂ ತಪ್ಪಿದರೆ ಅವಳ ವಯಸ್ಸಿನ ಮಿತಿ ಮೀರುತ್ತದೆ.

ಬಿಳಿಚೋಡಿನಲ್ಲಿ ಎಲ್ಲ ಸುಸೂತ್ರ ಎನ್ನುವಾಗಲೇ ಹುಡುಗಿಯ ಅಪ್ಪ ಸಣ್ಣತಿಮ್ಮಪ್ಪ ಜೋರಾಗಿ ಸೀನುತ್ತಾರೆ. ಅಜ್ಜಿ ಉಚ್ಚಂಗೆಮ್ಮ ಮೊಮ್ಮಗಳ ಕೈ ಹಿಡಿದು, ಕುಳಿತು ನೀರು ಕುಡಿದು, ಬಿಸಿಲೇರಿದ ಮೇಲೆ ಹೊರಟರಾಯಿತು ಎನ್ನುತ್ತಾರೆ. ಗಂಗೋತ್ರಿಯ ಮುಖ ಬಾಡುತ್ತದೆ. ಕೆಂಚೇಶ್ ಗದರುವುದಿಲ್ಲ, ಬಾಟಲಿಯ ಮುಚ್ಚಳ ತೆಗೆಯುತ್ತಾರೆ.

"ಕುಂತು ನೀರು ಕುಡೀಬೇಕು ಅನ್ನಾದು ಸರಿ ಐತೆ ಅಜ್ಜಿ. ಕಾರಾಗೂ ಕುಂತ್ಕಂಡೇ ಹೋಗಾದಲ್ವಾ? ಬ್ಯಾಗು ನಿನ್ನೇನೇ ಹೊಂಟೈತೆ. ನಾವು ಅದ್ರ ಹಿಂದೆ ಹೋಗಾದಷ್ಟೇ."

ಅಜ್ಜಿ ಯೋಚಿಸುತ್ತಾರೆ. ಕೊನೆಗೆ ಮೊಮ್ಮಗಳನ್ನು ಕಾರಿನೊಳಗೆ ಕೂರಿಸಿ, ತಾವೇ ನೀರು ಕುಡಿಸಿ, ಕೈ ಬಿಡುತ್ತಾರೆ.

ಹೀಗೆ ಸಿಕ್ಕಿಬೀಳಬಹುದೆಂದೇ ಕೆಂಚೇಶ್ ಯಾವಾಗಲೂ ಬೇಗ ಬರುವುದು. "ಮೊಬೈಲ್ ಮ್ಯಾಪ್‌ನಾಗೆ ಟ್ರಾಫಿಕ್ ತೋರಿಸ್ತೈತೆ, ಸೀನು ತೋರಿಸಲ್ಲ ರೀ. ಮನೆಯೋರ ಹೆದ್ರಿಕೆಗೂ ಒಂದಿಷ್ಟು ಟೈಮ್ ಇಟ್ಕಂಡೇ ಹೊರಡಬೇಕು. ನಗಾಡಿದ್ರೆ ನಮ್ಮನ್ನ ನಂಬಿ ಯಾರು ಬರ್ತಾರೆ?"

ನಿಲ್ದಾಣದಲ್ಲಿ ಹುಡುಗಿಯನ್ನು ಒಳಗೆ ಕಳಿಸಿದ ಮೇಲೂ ಅವರು ತಿರುಗುವುದಿಲ್ಲ. ತಪಾಸಣೆ ಮುಗಿಯಿತೆಂದು ಅವಳು ಫೋನ್ ಮಾಡಿದರೂ ಸಮಾಧಾನವಿಲ್ಲ. ವಿಮಾನ ಹಾರಿತೆಂದು ಖಾತ್ರಿಯಾದ ಮೇಲಷ್ಟೇ ಊಟ, ಆಮೇಲೆ ಊರಿನ ದಾರಿ. ತಾವು ಇದುವರೆಗೆ ವಿಮಾನ ಹತ್ತಿದವರಲ್ಲ; ಹತ್ತುವ ಆಸೆಯೂ ಅಂಥದ್ದೇನಿಲ್ಲವಂತೆ.

ಹಿರಿಯೂರಿನ ಹತ್ತಿರ ಚಹಾಕ್ಕೆಂದು ಇಳಿದಾಗ ಫೋನ್ ಬರುತ್ತದೆ. ಅತ್ತ ಗಂಗೋತ್ರಿ. ಇಳಿದಾಯಿತು, ಶಿಬಿರದವರು ಕರೆದುಕೊಳ್ಳಲು ಬಂದಿದ್ದಾರೆ ಎನ್ನುತ್ತಾಳೆ. ಕೆಂಚೇಶ್ ಫೋನ್ ಜೇಬಿಗಿಡುತ್ತಾರೆ. ಕಣ್ಣು ತುಂಬಿದ್ದನ್ನು ಮರೆಮಾಚುವುದಿಲ್ಲ.

"ಕೂಸು ದಿಲ್ಲಿ ಮುಟ್ಟೈತೆ. ನಾನಿನ್ನೂ ಹಿರಿಯೂರಾಗೇ ಇದೀನಿ. ಇರ್ಲಿ ಬಿಡ್ರಿ, ಈ ಸಲ ಹಿಂದೆ ಉಳಿದಿರಾದು ನಾನು ತಾನೇ."